ಪುಟ್ಟಿಗೆ, ರೂಮ್ ನಂಬರ್ 20ರ ಬಗ್ಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಕಂದು ಕಲ್ಲಿನ ಆ ದೊಡ್ಡ ಕಟ್ಟಡದ ಮುಂದೆ ಕಾಫಿ ಲೋಟ ಹಿಡಿದು ನಿಂತಿದ್ದೀಯ. "ಅಪ್ಪಾ, ಇದು ಕೂಪರ್ ಯೂನಿಯನ್, ದಿನಾ ಇದರ ಮುಂದೇನೇ ಹೋಗ್ತೀನಿ" ಅಂತ ಬರೆದಿದ್ದೀಯ. ಅದರ ಕೆಳಗೇ ಇನ್ನೊಂದು ಮೆಸೇಜು. ಹಾಸ್ಟೆಲ್ ಬಾಡಿಗೆ ವಿಷಯದ ಸಹಿ ಸಂಗ್ರಹ ಅರ್ಧಕ್ಕೇ ನಿಂತಿದೆ, ಅದೂ ಸೇರಲಿ ಇದೂ ಸೇರಲಿ ಅಂತ ಅರ್ಜಿ ನಾಲ್ಕು ಪುಟ ಆಗಿದೆ, ಗುಂಪು ಎರಡು ಹೋಳಾಗಿದೆ. ಫೋನಲ್ಲಿ ಹೇಳಿದರೆ ನೀನು "ಹ್ಞೂಂ ಅಪ್ಪಾ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ನ್ಯೂಯಾರ್ಕಿನ ಆ ಕಾಲೇಜು ಕಟ್ಟಡದಲ್ಲಿ 1863ರಲ್ಲಿ ರೂಮ್ ನಂಬರ್ 20 ಅಂತ ಒಂದು ಆಫೀಸಿತ್ತು. ವಿಮೆನ್ಸ್ ಲಾಯಲ್ ನ್ಯಾಷನಲ್ ಲೀಗ್ ಅನ್ನೋ ಸಂಘದ್ದು. ಎಲಿಜಬೆತ್ ಕ್ಯಾಡಿ ಸ್ಟ್ಯಾಂಟನ್ ಅಧ್ಯಕ್ಷೆ, ಸೂಸನ್ ಆಂಥನಿ ಕಾರ್ಯದರ್ಶಿ. ಇಬ್ಬರೂ ಹೆಂಗಸರ ಹಕ್ಕಿಗೆ ಹೋರಾಡುತ್ತಿದ್ದವರು. ಅಮೆರಿಕದ ಅಂತರ್ಯುದ್ಧ ಶುರುವಾಗಿ ಎರಡು ವರ್ಷ ಆಗಿತ್ತು. ಆ ವರ್ಷ ಜನವರಿ 1ಕ್ಕೆ ಲಿಂಕನ್ ಗುಲಾಮರ ಬಿಡುಗಡೆ ಘೋಷಿಸಿದ್ದರು. ಶಾಲೆಯಲ್ಲಿ ನಾವು ಓದಿದ್ದು ಅಲ್ಲಿಗೇ ಮುಗಿಯುತ್ತೆ ಅಲ್ವಾ? ಆದರೆ ಆ ಘೋಷಣೆ ದಂಗೆ ಎದ್ದ ರಾಜ್ಯಗಳಿಗೆ ಮಾತ್ರ. ಸರ್ಕಾರದ ಜೊತೆಗೇ ಉಳಿದ ಕೆಂಟಕಿಯಂಥ ಕಡೆ ಗುಲಾಮರು ಗುಲಾಮರಾಗಿಯೇ ಇದ್ದರು. ಎಲ್ಲ ಕಡೆ ತೆಗೆಯಬೇಕಿದ್ದರೆ ಸಂಸತ್ತೇ ಕಾನೂನು ಮಾಡಬೇಕಿತ್ತು. ಹೆಂಗಸರಿಗೋ ವೋಟಿಲ್ಲ. ಇದ್ದದ್ದು ಅರ್ಜಿ ಕೊಡುವ ಹಕ್ಕು. ಹತ್ತು ಲಕ್ಷ ಸಹಿ ಹಾಕಿಸೋಣ ಅಂತ ಹೊರಟರು.

ನಿಮ್ಮ ಜಗಳ ಅಲ್ಲೂ ಇತ್ತು, ಅದೂ ಮೊದಲ ದಿನವೇ. ಮೇ 14, ನ್ಯೂಯಾರ್ಕಿನ ಒಂದು ಚರ್ಚಿನಲ್ಲಿ ಸಭೆ. ಕಪ್ಪು ಜನರಿಗೂ ಎಲ್ಲ ಹೆಂಗಸರಿಗೂ ಹಕ್ಕು ಸಿಗುವ ತನಕ ಈ ದೇಶದಲ್ಲಿ ನಿಜವಾದ ಶಾಂತಿ ಇರಲ್ಲ ಅಂತ ಒಂದು ನಿರ್ಣಯ ಬಂತು. ವಿಸ್ಕಾನ್ಸಿನ್‌ನಿಂದ ಬಂದಿದ್ದ ಶ್ರೀಮತಿ ಹಾಯ್ಟ್ ಎದ್ದು ನಿಂತರು. ಇದರಲ್ಲಿ ಹೆಂಗಸರ ಹಕ್ಕಿನ ಮಾತು ತರಬೇಡಿ, ಎಷ್ಟೋ ಹೆಂಗಸರಿಗೇ ಅದು ಹಿಡಿಸಲ್ಲ ಅಂದರು. ತಳ್ಳಿಹಾಕುವಂಥ ಮಾತಲ್ಲ ಅದು. ಸಹಿ ಜಾಸ್ತಿ ಬೇಕಿದ್ದರೆ ಆಕೆಯ ಲೆಕ್ಕವೇ ಸರಿ ಅನ್ನಿಸುತ್ತೆ ನನಗೆ. ಆಂಥನಿ ಬಿಡಲಿಲ್ಲ. ಅವರಿಗೆ ಹಳೇ ಗಾಯವಿತ್ತು. ಯುದ್ಧ ಶುರುವಾದಾಗ ಹೆಂಗಸರ ಹಕ್ಕಿನ ಸಮಾವೇಶ ನಿಲ್ಲಿಸೋದು ಬೇಡ ಅಂದವರು ಹೆಚ್ಚುಕಡಿಮೆ ಅವರೊಬ್ಬರೇ. ಉಳಿದವರು ಸುಮ್ಮನಾದರು. 1862ರಲ್ಲಿ ನ್ಯೂಯಾರ್ಕಿನ ಶಾಸನಸಭೆ, ಎರಡು ವರ್ಷದ ಹಿಂದೆ ತಾಯಂದಿರಿಗೆ ಮಕ್ಕಳ ಮೇಲೆ ಕೊಟ್ಟಿದ್ದ ಸಮಾನ ಹಕ್ಕನ್ನು ಕಿತ್ತುಕೊಂಡಿತು. ಮೇ 14ರ ಆ ಚರ್ಚಿನ ಸಭೆಯಲ್ಲಿ ಆಂಜೆಲಿನಾ ಗ್ರಿಮ್ಕೆಯೂ ಮಾತಾಡಿದರು. ದಕ್ಷಿಣ ಕೆರೊಲಿನಾದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ಮನೆಯ ಮಗಳು ಆಕೆ. ನನ್ನನ್ನು ಕಪ್ಪು ಜನರ ಜೊತೆಯಲ್ಲೇ ಎಣಿಸಿ, ಅವರಿಗೆ ಹಕ್ಕು ಸಿಗದೆ ನಮಗೂ ಸಿಗಲ್ಲ ಅಂದರು. ನಿರ್ಣಯ ಪಾಸಾಯಿತು.

ಈಗ ನೋಡು, ಮನೆಮನೆಗೆ ಹೋದ ಅರ್ಜಿಯಲ್ಲಿ ಆ ಜಗಳದ ಸುಳಿವೇ ಇರಲಿಲ್ಲ. ಇದ್ದದ್ದು ಒಂದೇ ವಾಕ್ಯ. ದೇಶದಲ್ಲಿ ಗುಲಾಮಗಿರಿಯಲ್ಲಿರುವ ಆಫ್ರಿಕಾ ಮೂಲದ ಎಲ್ಲರನ್ನೂ ಬಿಡುಗಡೆ ಮಾಡುವ ಕಾನೂನನ್ನು ಬೇಗ ಮಾಡಿ ಅಂತ. ಹಾಯ್ಟ್ ಅಂಥವರೂ ಸಹಿ ಹಾಕಬಹುದು, ಆಂಥನಿಯೂ ಹಾಕಬಹುದು.

ಆಂಥನಿಗೆ ವಾರಕ್ಕೆ 12 ಡಾಲರ್ ಸಂಬಳ. ಮಧ್ಯಾಹ್ನ ಹತ್ತಿರದ ಪುಟ್ಟ ಹೋಟೆಲಿನಲ್ಲಿ ಐದು ಸೆಂಟಿನ ಸ್ಟ್ರಾಬೆರಿ, ಐದು ಸೆಂಟಿನ ರಸ್ಕು. ನಾಳೆಯಿಂದ ಮೂರು ಸೆಂಟಿನ ಹಾಲೂ ತಗೊಳ್ಳುತ್ತೇನೆ ಅಂತ ಕಾಗದದಲ್ಲಿ ಬರೆದಿದ್ದರು. ಸಹಿ ಹಾಕಿದವರಿಂದ ಒಂದೊಂದು ಸೆಂಟ್ ಕೇಳಿ ಖರ್ಚು ತೂಗಿಸುತ್ತಿದ್ದರು. ಸುಮಾರು 2,000 ಜನ ಹಾಳೆ ಹಿಡಿದು ಊರೂರು ತಿರುಗಿದರು. ಜುಲೈನಲ್ಲಿ ಸೈನ್ಯಕ್ಕೆ ಬಲವಂತದ ಭರ್ತಿ ಅಂತ ನ್ಯೂಯಾರ್ಕ್ ಹೊತ್ತಿ ಉರಿಯಿತು. ಕಪ್ಪು ಮಕ್ಕಳ ಅನಾಥಾಲಯಕ್ಕೇ ಬೆಂಕಿ ಇಟ್ಟರು. ಸ್ಟ್ಯಾಂಟನ್ ಮನೆಗೆ ಅದು ಕೂಗಳತೆ ದೂರ. ಆದರೂ ಸಹಿ ಬರುತ್ತಲೇ ಇತ್ತು.

ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಟಪ್ಪಾಲು ನೋಡಿಕೊಂಡವನು ನಾನು. ನಾಲ್ಕು ಪುಟದ ಅರ್ಜಿಯನ್ನು ಯಾವ ಸಾಹೇಬರೂ ಪೂರ್ತಿ ಓದಿದ್ದು ನೋಡಿಲ್ಲ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಮೂರನೇ ಪುಟದ ಯಾವುದೋ ಸಾಲು ಹಿಡಿದು "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಷರಾ ಬರೆದರೆ ಮುಗೀತು. ಒಂದು ಸಲ ಹಳ್ಳಿಯ ಹೆಂಗಸರು ಕುಡಿಯುವ ನೀರಿಗೆ ಅರ್ಜಿ ತಂದರು. ವಿಷಯ ಒಂದೇ ಸಾಲು. ಹಿಂದೆ ಹನ್ನೊಂದು ಹಾಳೆ ಸಹಿ, ಅರ್ಧಕ್ಕರ್ಧ ಹೆಬ್ಬೆಟ್ಟು. ಆವಕ ರಿಜಿಸ್ಟರಿಗೆ ಹತ್ತಿಸುವಾಗ ಹಸಿ ಶಾಯಿ ನನ್ನ ಬೆರಳಿಗೂ ಅಂಟಿತು. ಆ ಕಾಗದ ಯಾರ ಟೇಬಲ್ ಮೇಲೂ ಎರಡು ದಿನ ಕೂರಲಿಲ್ಲ.

ಅದಕ್ಕೇ 1864ರ ಫೆಬ್ರವರಿ 9 ನನಗೆ ಕಣ್ಣಿಗೆ ಕಟ್ಟುತ್ತೆ. ಎತ್ತರದ ಇಬ್ಬರು ಕಪ್ಪು ಗಂಡಸರು ಅರ್ಜಿಯ ಹೊರೆ ಹೊತ್ತು ತಂದು ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಸದಸ್ಯ ಚಾರ್ಲ್ಸ್ ಸಮ್ನರ್ ಮೇಜಿನ ಮೇಲಿಟ್ಟರು. ಒಂದೊಂದು ರಾಜ್ಯದ್ದು ಒಂದೊಂದು ಸುರುಳಿ. 65,601 ಹೆಂಗಸರು, 34,399 ಗಂಡಸರು. ಗುಮಾಸ್ತನ ಬುದ್ಧಿ, ಕೂಡಿಸಿ ನೋಡಿದೆ. ಸರಿಯಾಗಿ ಒಂದು ಲಕ್ಷ! ಹತ್ತು ಲಕ್ಷ ಮಾತ್ರ ಆಗಲೇ ಇಲ್ಲ, ಆಮೇಲೆ ಬಂದದ್ದೂ ಸೇರಿ 4 ಲಕ್ಷದ ಹತ್ತಿರ ಬಂದು ನಿಂತಿತು. ಗುಲಾಮಗಿರಿ ತೆಗೆಯುವ ಸಂವಿಧಾನ ತಿದ್ದುಪಡಿಯನ್ನು ಏಪ್ರಿಲ್ 8ಕ್ಕೆ ಸೆನೆಟ್ ಒಪ್ಪಿತು. ಕೆಳಮನೆ ಒಮ್ಮೆ ಬೀಳಿಸಿ, 1865ರ ಜನವರಿ 31ಕ್ಕೆ ಒಪ್ಪಿತು. ಆ ಡಿಸೆಂಬರಿಗೆ 13ನೇ ತಿದ್ದುಪಡಿ ಸಂವಿಧಾನ ಸೇರಿತು.

ಆಮೇಲಿನದು ಅಷ್ಟು ಚೆನ್ನಾಗಿಲ್ಲ. ಕಪ್ಪು ಗಂಡಸರಿಗೆ ಮೊದಲು ವೋಟು ಅಂದಾಗ ಸ್ಟ್ಯಾಂಟನ್ ಆ ಗಂಡಸರ ಬಗ್ಗೆ ಆಡಬಾರದ ಮಾತು ಆಡಿದರು. 1869ರಲ್ಲಿ ಹಳೇ ಗೆಳತಿಯರೇ ಬೇರೆ ಬೇರೆ ಸಂಘ ಕಟ್ಟಿಕೊಂಡರು. ಮೇ 14ರ ಸಭೆಯ ಅಧ್ಯಕ್ಷತೆ ವಹಿಸಿದ್ದ ಲೂಸಿ ಸ್ಟೋನ್ ಒಂದು ಕಡೆ, ಸ್ಟ್ಯಾಂಟನ್ ಮತ್ತು ಆಂಥನಿ ಇನ್ನೊಂದು ಕಡೆ. ನಿನಗೆ ಹೇಳದೆ ಮುಚ್ಚಿಡೋದು ಸರಿ ಕಾಣಲಿಲ್ಲ.

ನಿಮ್ಮ ನಾಲ್ಕು ಪುಟ ನನಗೂ ಕಳಿಸು. ಅದಕ್ಕೂ ಮೊದಲು ಎರಡೂ ಕಡೆಯವರು ಸಹಿ ಹಾಕುವಂಥ ಒಂದು ಸಾಲು ಅದರಲ್ಲಿ ಎಲ್ಲಿದೆ ಹುಡುಕಿ ಗೆರೆ ಎಳೆದಿಡು.

ಅಮ್ಮನಿಗೆ ಇಷ್ಟನ್ನೂ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಇವಳೂ ಮಧ್ಯಾಹ್ನ ರಸ್ಕು ತಿಂದುಕೊಂಡೇ ಇದ್ದಾಳೇನೋ ಕೇಳಿ."

ನಿನ್ನ
ಅಪ್ಪ