ರಿಯಾಲು ಗಂಡಸಾದ ಕಥೆ, ಜೊತೆಗೆ ಒಂದಿಷ್ಟು ಥ್ಯಾಂಕ್ಸ್

ಎಮಿರಾಟಿ, ಅಂದ್ರೆ ಯುಎಇ ಜನರ ಅರೇಬಿಕ್ ಆಡುಮಾತಿಗೆ ನಾವು ಮಾಡುತ್ತಿದ್ದ ಕಾಗುಣಿತದ ಕೈಪಿಡಿ ಹೋದ ವಾರ ಮುಗಿಯಿತು. ಅಬುಧಾಬಿಗೆ ಬಂದಾಗ ನನಗೆ ಗೊತ್ತಿದ್ದ ಅರೇಬಿಕ್ ಅಂದ್ರೆ 'ಶುಕ್ರನ್' (ಥ್ಯಾಂಕ್ಸ್) ಅಷ್ಟೇ. ಹಾಗಾಗಿ ನಾನು ನೆನೆಯಬೇಕಾದವರು ಜಾಸ್ತಿ.

ಏನು ಕೆಲಸ ಅಂತ ಊರಲ್ಲಿ ಕೇಳ್ತಾರೆ. ಅರಬ್ಬರು ಶಾಲೆಯಲ್ಲಿ ಕಲಿಯುವ ಅರೇಬಿಕ್ ಬೇರೆ, ಮನೆಯಲ್ಲಿ ಆಡೋದು ಬೇರೆ. ಆಡುಮಾತನ್ನು ಫೋನಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ, ನಮ್ಮಮ್ಮ ಇವತ್ತು 'ಎಂತ', ನಾಳೆ 'ಎಂಥ' ಅಂತ ಬರೆದ ಹಾಗೆ. ನಮಗೆ ಅರ್ಥ ಆಗುತ್ತೆ, ಕಂಪ್ಯೂಟರಿಗೆ ಅವು ಬೇರೆ ಬೇರೆ ಪದ. ಆಡುಮಾತನ್ನು ಒಂದೇ ಥರ ಬರೆಯೋಕೆ 2012ರಲ್ಲಿ ಕೋಡಾ ಅನ್ನೋ ಕಾಗುಣಿತದ ನಿಯಮಗಳು ಮೊದಲು ಈಜಿಪ್ಟಿನ ಮಾತಿಗೆ ಬಂದವು. ಬಾಯಲ್ಲಿ ಹೇಗೇ ಬರಲಿ, ಪದದ ಮೂಲ ಅಕ್ಷರ ಆದಷ್ಟೂ ಉಳಿಸಿ ಅನ್ನೋದು ಅದರ ದಾರಿ. ನಾವೂ ಅದನ್ನೇ ಹಿಡಿದೆವು.

ಇಲ್ಲಿ ಎಷ್ಟೋ ಪದಗಳಲ್ಲಿ 'ಜ' ಹೋಗಿ 'ಯ' ಆಗುತ್ತೆ. ಕೋಳಿಗೆ ದಜಾಜ್ ಅನ್ನೋದು ದಿಯಾಯ್. ಗಂಡಸಿಗೆ ರಜ್ಜಾಲ್ ಅನ್ನೋದು ರಯ್ಯಾಲ್, ಅದನ್ನು ಕೇಳಿದಂತೆ ಬರೆದರೆ ದುಡ್ಡಿನ ರಿಯಾಲ್ ಬರೆದಂತೆಯೇ ಕಾಣುತ್ತೆ. ನಾನು ಜಾಣನ ಥರ ಒಂದು ಪ್ರೋಗ್ರಾಂ ಬರೆದು ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ರಜ್ಜಾಲ್ ಮಾಡಿಬಿಟ್ಟೆ. ಬೆಳಿಗ್ಗೆ ನೋಡಿದರೆ ಯಾರೋ ಐವತ್ತು ಗಂಡಸರನ್ನು ಕೊಟ್ಟು ಚಪ್ಪಲಿ ಕೊಂಡಿದ್ದಾನೆ! ನಮ್ಮ ಎಮಿರಾಟಿ ಸಹೋದ್ಯೋಗಿ ಬಿದ್ದು ಬಿದ್ದು ನಕ್ಕರು, ಆಮೇಲೆ ಒಂದು ಮಾತೂ ಆಡದೆ ಮೂರು ವಾರ ಕೂತು ಒಂದೊಂದನ್ನೇ ಸರಿಮಾಡಿದರು. ಅವರಿಗೆ ಮೊದಲ ಥ್ಯಾಂಕ್ಸ್.

ಅಲ್ ಐನ್‌ನಲ್ಲಿರುವ ಅವರ ಅಜ್ಜಿಗೆ ಎರಡನೆಯದು. ರೆಕಾರ್ಡರ್ ಹಿಡಿದ ಕೂಡಲೇ ಅಜ್ಜಿ ಟಿವಿ ವಾರ್ತೆಯವರ ಥರ ಶುರು ಮಾಡಿದರು. ಅದನ್ನು ಆಫ್ ಮಾಡಿ ಕಾಫಿ ಕುಡೀತಾ ಕೂತಾಗ ಮೊಮ್ಮಗನಿಗೆ ಬೈದರು ನೋಡಿ, ಅದೇ ನಮಗೆ ಬೇಕಾಗಿದ್ದ ಮಾತು. ನಾನು ಸುಮ್ನೆ ಬರೆದುಕೊಳ್ಳುತ್ತಾ ಹೋದೆ.

ನಮ್ಮ ಬಿಲ್ಡಿಂಗ್ ಕೆಳಗಿನ ಬಕಾಲೆಯ (ದಿನಸಿ ಅಂಗಡಿಯ) ಭಟ್ಕಳದ ಅಣ್ಣನನ್ನು ಮರೆಯೋ ಹಾಗಿಲ್ಲ. ಹೇಗಿದ್ದೀರಿ ಅಂತ ಗಂಡಸರನ್ನು ಕೇಳೋಕೆ 'ಶ್‌ಹಾಲಕ್', ಹೆಂಗಸರನ್ನು ಕೇಳೋಕೆ 'ಶ್‌ಹಾಲಿಚ್' ಅಂತ ಮೊದಲು ಹೇಳಿಕೊಟ್ಟಿದ್ದು ಅವರೇ. ಅರೇಬಿಕ್ ಅಕ್ಷರಮಾಲೆಯಲ್ಲಿ 'ಚ' ಇಲ್ಲ. ಇಲ್ಲಿನ ಜನ ಅಲ್ಲಿ ಜೀಮ್, ಅಂದ್ರೆ 'ಜ' ಅಕ್ಷರ ಹಾಕ್ತಾರೆ. ಮೂಲ ಅಕ್ಷರ ಕಾಫ್ ('ಕ') ಅಲ್ವಾ, ಅದನ್ನೇ ಇಡೋಣ ಅಂತ ಎರಡು ತಿಂಗಳು ಜಗಳ. ಕೊನೆಗೆ ಜೀಮ್ ಗೆದ್ದಿತು. ಅರೇಬಿಕ್‌ನಲ್ಲಿ ಹ್ರಸ್ವ ಸ್ವರ ಸಾಮಾನ್ಯವಾಗಿ ಬರೆಯಲ್ಲ, ಹಾಗಾಗಿ ಕಾಫ್ ಇಟ್ಟರೆ ಎರಡೂ ಒಂದೇ ಥರ ಕಾಣುತ್ತೆ, ಕೇಳಿದ್ದು ಯಾರನ್ನು ಅಂತ ಓದುವವರಿಗೆ ಗೊತ್ತೇ ಆಗಲ್ಲ.

ಮೊದಲ ಪ್ರತಿ ಅಜ್ಜಿಗೆ ಕಳಿಸಿದೆವು. ಕನ್ನಡಕ ಹಾಕಿಕೊಂಡು ನಾಲ್ಕು ಪುಟ ತಿರುವಿ, 'ದಿಯಾಯ್' ಬರೆದದ್ದು ತಪ್ಪು, ಅಲ್ಲಿ ಜೀಮ್ ಯಾಕೆ ಹಾಕಿದ್ದೀರಿ ಅಂತ ಕೇಳಿದರಂತೆ.