ತೋಟ ಮಾರುವ ಮಾತು ಬೇಡ

ಸ್ಟಟ್‌ಗಾರ್ಟ್
ನವೆಂಬರ್ 2025

ತೀರ್ಥರೂಪು ಅಪ್ಪನವರಿಗೆ ಮಂಜುನಾಥನ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಮ್ಮ, ಅಜ್ಜಿ, ರವಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರ ತಲುಪಿತು. ಎಂ.ಎಸ್ಸಿ. ಮುಗಿಸಿದವನು ಗೋದಾಮಿನಲ್ಲಿ ಪಾರ್ಸೆಲ್ ಎತ್ತುತ್ತಿದ್ದಾನೆಂದು ಶಿವಣ್ಣ ಮಾವ ಹೇಳಿದ್ದು ಸುಳ್ಳಲ್ಲ. ಆದರೆ ಅದಕ್ಕಾಗಿ ಕೆರೆ ಪಕ್ಕದ ಒಂದೆಕರೆ ತೆಂಗಿನ ತೋಟವನ್ನು ಮಾರಿ ಬ್ಯಾಂಕಿನ ಸಾಲ ತೀರಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಕಂತು ಆರಂಭವಾಗುವುದು ಬರುವ ಏಪ್ರಿಲ್‌ನಲ್ಲಿ. ಅಲ್ಲಿಯವರೆಗಿನ ಬಡ್ಡಿಯನ್ನು ಗೋದಾಮಿನ ಸಂಬಳದಲ್ಲೇ ಕಟ್ಟುತ್ತಿದ್ದೇನೆ.

ಇಷ್ಟು ಖರ್ಚು ಮಾಡಿ ಪಡೆದ ಪದವಿಗೆ ಬೆಲೆಯೇ ಇಲ್ಲವೇ ಎಂದು ಕೇಳಿದ್ದೀರಿ. ನಿಮ್ಮ ಕಾಲದಲ್ಲಿ ಬೆಂಗಳೂರು ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಹೆಣ್ಣು ಕೊಡುವವರು ಹುಡುಕಿಕೊಂಡು ಬರುತ್ತಿದ್ದರೆಂದು ಹೇಳುತ್ತಿದ್ದಿರಲ್ಲ, ಆ ಮೈಕೋದ ಮೂಲ ಕಂಪನಿ ಬಾಷ್ ಇದೇ ಊರಿನಲ್ಲಿ 1886ರಲ್ಲಿ ಹುಟ್ಟಿದ್ದು. ಅಂಥ ಕಂಪನಿಯೇ ಕಳೆದ ಸೆಪ್ಟೆಂಬರ್‌ನಲ್ಲಿ ವಾಹನ ವಿಭಾಗದ 13,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿದೆ. ನಾನು ಓದಿದ್ದು ಡೀಸೆಲ್ ಎಂಜಿನ್‌ಗೆ ಇಂಧನ ಚಿಮ್ಮಿಸುವ ಪಂಪು, ಇಂಜೆಕ್ಟರ್‌ಗಳನ್ನು. ವಿದ್ಯುತ್ ಕಾರಿಗೆ ಇವೆರಡೂ ಬೇಡ. ಇಪ್ಪತ್ತು ವರ್ಷ ದುಡಿದವರೇ ನಾಳೆಯ ಬಗ್ಗೆ ಅಂಜುತ್ತಿರುವಾಗ, ಜರ್ಮನ್ ಭಾಷೆಯಲ್ಲಿ ಇನ್ನೂ ತಡವರಿಸುವ ನನ್ನನ್ನು ಕರೆದು ಕೂರಿಸುವವರು ಕಡಿಮೆ. ಹಾಗೆಂದು ಪದವಿ ವ್ಯರ್ಥವಾಗಿಲ್ಲ: ಇಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಕೊಡುತ್ತಾರೆ, ಆ ಅವಧಿಯಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. ನನ್ನದರಲ್ಲಿ ಇನ್ನೂ ಸಾಕಷ್ಟು ಸಮಯ ಉಳಿದಿದೆ. ಸಂಜೆ ತಪ್ಪದೆ ಭಾಷೆಯ ತರಗತಿಗೆ ಹೋಗುತ್ತಿದ್ದೇನೆ.

ಅಮ್ಮನಿಗೊಂದು ವಿಷಯ ಹೇಳಿ, ನಗುತ್ತಾಳೆ. ಈ ಊರಿನ ಕಟ್ಟಡಗಳಲ್ಲಿ ಮೆಟ್ಟಿಲು ಗುಡಿಸಿ ಒರೆಸುವುದು ಬಾಡಿಗೆದಾರರ ಸರದಿ. ಯಾರ ವಾರವೋ ಅವರ ಬಾಗಿಲಿಗೆ ಒಂದು ಫಲಕ ನೇತುಹಾಕುತ್ತಾರೆ. ಮನೆಯಲ್ಲಿ ಪೊರಕೆ ಮುಟ್ಟದಿದ್ದ ನನ್ನ ಬಾಗಿಲಲ್ಲಿ ಈ ವಾರ ಅದು ತೂಗುತ್ತಿದೆ. ಕೆಳಮನೆಯ ಅಜ್ಜಿ ಮೂಲೆಯ ಧೂಳನ್ನೂ ಬೆರಳಾಡಿಸಿ ನೋಡುತ್ತಾರೆ!

ರವಿಯ ವಿಚಾರ. ಎದುರು ಮನೆಯ ಹುಡುಗ ಶಾಲೆ ಮುಗಿದೊಡನೆ ಕಾರ್ಖಾನೆ ಸೇರಿ, ವಾರದಲ್ಲಿ ಒಂದೆರಡು ದಿನ ತರಗತಿ, ಉಳಿದ ದಿನ ಯಂತ್ರದ ಮುಂದೆ ಎಂದು ಮೂರೂವರೆ ವರ್ಷ ಕಲಿತ. ಮೊದಲ ತಿಂಗಳಿನಿಂದಲೇ ಸಂಬಳ ಬರುತ್ತಿತ್ತಂತೆ. ನಮ್ಮಲ್ಲಿ ಅಂಥ ಏರ್ಪಾಡು ಅಪರೂಪ. ಆದ್ದರಿಂದ ರವಿ ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯಲ್ಲೆಲ್ಲಾದರೂ ಎರಡು ವರ್ಷ ಕೈ ಪಳಗಿಸಿಕೊಳ್ಳಲಿ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಲಿ. ಸಾಲ ಮಾಡಿ ಈಗಲೇ ಸೇರಿಸುವ ಆತುರ ಬೇಡ.

ನನ್ನ ಬಗ್ಗೆ ಚಿಂತೆ ಬೇಡವೇ ಬೇಡ. ಊಟ, ನಿದ್ದೆ, ಆರೋಗ್ಯ ಎಲ್ಲವೂ ಚೆನ್ನಾಗಿದೆ, ತೂಕವೂ ಏರಿದೆ. ಪಾಳಿಗೆ ಹೊತ್ತಾಯಿತು, ಇಷ್ಟಕ್ಕೆ ನಿಲ್ಲಿಸುತ್ತೇನೆ. ತೋಟಕ್ಕೆ ಯಾರಿಂದಾದರೂ ಮುಂಗಡ ಪಡೆದಿದ್ದರೆ ಕೂಡಲೇ ಹಿಂದಿರುಗಿಸಿ, ನನಗೆ ಫೋನ್ ಮಾಡಿ ತಿಳಿಸಿ.

ಇತಿ ನಿಮ್ಮ ಮಗ,
ಮಂಜು