ಗಾಳಿಗೆ ಬಿಲ್ಲು ಹಾಕುವುದನ್ನು ನಿಲ್ಲಿಸಿ: ನಮ್ಮ ವಾರ್ಡಿನ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಮಸ್ಕಾರ. ನಾನು ಹುಬ್ಬಳ್ಳಿಯ ಹಳೇ ಓಣಿಯೊಂದರಲ್ಲಿ ಇರುವವನು. ಮೂರು ವರ್ಷದಿಂದ ನೀರಿಗಾಗಿ ಅರ್ಜಿ ಕೊಡುತ್ತಾ ಬಂದಿದ್ದೇನೆ. ಫೋನ್ ಮಾಡಿದೆ, ಖುದ್ದಾಗಿ ಬಂದು ನಿಂತೆ. ಇನ್ನು ಎಲ್ಲರ ಎದುರಿಗೆ ಕೇಳುವುದೊಂದೇ ಉಳಿದಿತ್ತು.

ಕಳೆದ ತಿಂಗಳ ಒಂದು ರಾತ್ರಿಯ ಮಾತು. ನಳ ಬಂದು ಎಂಟು ದಿನ ಆಗಿತ್ತು. ರಾತ್ರಿ ಎರಡು ಗಂಟೆಗೆ ಅವ್ವ ಎಬ್ಬಿಸಿದಳು. ‘ಏಳಪಾ, ನಳಾ ಉಸುರು ಬಿಡಾಕತ್ತೈತಿ’ ಅಂದಳು. ಅವಳಿಗೆ 74 ವರ್ಷ. ನಳದ ಸಪ್ಪಳಕ್ಕೆ ಕಿವಿಗೊಟ್ಟೇ ಮಲಗುತ್ತಾಳೆ. ಹೊರಗೆ ಹೋಗಿ ಮೊಬೈಲ್ ಬ್ಯಾಟರಿ ಹಿಡಿದೆ. ನಳದಿಂದ ಉಸ್ ಅಂತ ಬರೀ ಗಾಳಿ, ಒಂದು ಹನಿ ನೀರಿಲ್ಲ. ಆದರೆ ಮೀಟರಿನ ಮುಳ್ಳು ಗರಗರ ತಿರುಗುತ್ತಿತ್ತು. ಎಂಟು ದಿನ ಖಾಲಿ ಬಿದ್ದ ಪೈಪಿನಲ್ಲಿ ತುಂಬಿದ್ದು ಗಾಳಿ. ನೀರು ಹಿಂದಿನಿಂದ ಅದನ್ನು ನೂಕಿದರೆ ಮೀಟರ್ ಅದನ್ನೂ ಎಣಿಸುತ್ತದೆ.

ನಮ್ಮ ಮನೆಯ ಲೆಕ್ಕ ಸುಲಭ. ಸಿಂಟೆಕ್ಸ್ 500 ಲೀಟರ್, ಬ್ಯಾರಲ್ 200, ಕೊಡ-ಬಕೆಟ್ ಎಲ್ಲಾ ಸೇರಿ 300. ಒಂದು ಸಲಕ್ಕೆ ಸಾವಿರ ಲೀಟರ್. ತಿಂಗಳಿಗೆ ನಾಲ್ಕು ಸಲ ಬಂದರೆ ನಾಲ್ಕು ಸಾವಿರ. ಬಿಲ್ಲು ಬಂದಿದ್ದು ಹನ್ನೊಂದು ಸಾವಿರ ಲೀಟರಿಗೆ. ಉಳಿದ ಏಳು ಸಾವಿರ ಲೀಟರ್ ಎಲ್ಲಿ ಇಟ್ಟುಕೊಂಡಿದ್ದೇವೆ, ಬಂದು ತೋರಿಸಿ.

ಆ ಬಿಲ್ಲು ಕಟ್ಟಲಿಲ್ಲ. ನಮ್ಮ ಓಣಿಯ ನೀರಿನ ಗುತ್ತಿಗೆ ಹಿಡಿದ ಖಾಸಗಿ ಕಂಪನಿಯ ಹುಡುಗ ನೋಟಿಸ್ ತಂದ. ಬಾಕಿ ಕಟ್ಟದಿದ್ದರೆ ನಳ ಬಂದ್ ಅಂತ. ಅವ್ವ ಆಗ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿದ್ದಳು. ಕನೆಕ್ಷನ್ ಅವಳ ಹೆಸರಿಗಿದೆ. ಕೊಡ ಕೆಳಗಿಟ್ಟು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಆ ಸಾಲಿನಲ್ಲೇ ಸಹಿ ಹಾಕಿದಳು. ಸಹಿ ಮುಗಿಸಿ ತಿರುಗುವಷ್ಟರಲ್ಲಿ ಅವಳ ಪಾಳಿ ಹೋಗಿತ್ತು. ಇದನ್ನು ನಾನು ಸುಮ್ನೆ ಮರೆಯುವುದು ಹೇಗೆ, ಸ್ವಾಮಿ?

ಕಂಪನಿಯವರನ್ನು ಕೇಳಿದರೆ, ‘ನಾವು ಪೈಪು, ಮೀಟರ್ ಅಷ್ಟೇ. ಬಿಲ್ಲಿನ ವಿಚಾರ ಕಚೇರಿಯಲ್ಲಿ ಕೇಳಿ’ ಅಂತಾರೆ. ಕಚೇರಿಗೆ ಹೋದರೆ, ‘ಅದೀಗ ಕಂಪನಿಗೆ ಹೋಗಿದೆ’ ಅಂತಾರೆ. ಹೊಣೆ ಯಾರದು? ಅದನ್ನಷ್ಟೇ ಹೇಳಿ.

ಖಾಸಗಿಯವರು ಬಂದಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಿಗೆ ದಿನದ 24 ಗಂಟೆ ನೀರು ಬಂತು. ಅದನ್ನು ನಡೆಸಿದ್ದೂ ಖಾಸಗಿ ಕಂಪನಿಯೇ. ನನ್ನ ತಂಗಿಯ ಮನೆ ಅಂಥ ಒಂದು ವಾರ್ಡಿನಲ್ಲಿದೆ. ಅವಳ ಮನೆಯಲ್ಲಿ ಬ್ಯಾರಲ್ಲೇ ಇಲ್ಲ. ಪೈಪು ಸದಾ ತುಂಬಿದ್ದರೆ ಗಾಳಿ ಸೇರುವುದಿಲ್ಲ, ಪಕ್ಕದ ಗಟಾರದ ನೀರೂ ಒಳಗೆ ಎಳೆದುಕೊಳ್ಳುವುದಿಲ್ಲ. ಅದೇ ಮಲಪ್ರಭೆ, ಅದೇ ಊರು. ನಮ್ಮ ಓಣಿಗೆ ಮೀಟರ್ ಮಾತ್ರ ಮೊದಲು ಬಂತು, 24 ಗಂಟೆಯ ನೀರು ಇವತ್ತಿಗೂ ಬಂದಿಲ್ಲ.

ನಿಯಮ ನಿಮಗೆ ಗೊತ್ತೇ ಇದೆ. ನೀರು ಪೂರೈಕೆ ನಗರಾಡಳಿತದ ಕೆಲಸ ಅಂತ ಸಂವಿಧಾನದ 12ನೇ ಅನುಸೂಚಿಯಲ್ಲೇ ಇದೆ, 1992ರ 74ನೇ ತಿದ್ದುಪಡಿಯಿಂದ. ಕೆಲಸ ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡಲಾಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದ್ದೂ ಕಂಪನಿಯ ಜೊತೆಗಿನ ಗುತ್ತಿಗೆ ಕರಾರು ನೋಡಲು ನಾನು ಯಾಕೆ ಇಷ್ಟು ಅಲೆಯಬೇಕು? ಅದನ್ನು ಕನ್ನಡದಲ್ಲಿ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ನೀರು ಬಾರದ ದಿನಕ್ಕೆ ಕಂಪನಿಗೆ ದಂಡ ಇದೆಯೋ ಇಲ್ಲವೋ, ನಾವೂ ಓದುತ್ತೇವೆ. ಓಣಿಯ ಪೈಪಿಗೆ ಗಾಳಿ ಹೊರಗೆ ಬಿಡುವ ಏರ್ ವಾಲ್ವ್ ಹಾಕಿಸಿ. 24 ಗಂಟೆ ನೀರು ಬರುವವರೆಗೆ ಮೀಟರ್ ಲೆಕ್ಕದ ಬಿಲ್ಲು ನಿಲ್ಲಿಸಿ. ಮತ್ತೆ ಕೇಳುತ್ತೇನೆ, ಹೊಣೆ ಯಾರದು ಅಂತ ಒಬ್ಬರ ಹೆಸರು ಬರೆದುಕೊಡಿ.

ಮುಂದಿನ ಸಲ ನಳ ಬರುವ ರಾತ್ರಿ ನಿಮಗೆ ಫೋನ್ ಮಾಡುತ್ತೇನೆ. ಎಷ್ಟೇ ಹೊತ್ತಾಗಿರಲಿ, ಒಮ್ಮೆ ಬಂದು ಆ ಮೀಟರ್ ನೋಡಿ. ಅವ್ವ ಎದ್ದೇ ಇರುತ್ತಾಳೆ.

ಇಂತಿ,
ನಿಮಗೆ ಮತ ಹಾಕಿದ ಮನೆಯವನು
ಹುಬ್ಬಳ್ಳಿ